ಸೂತಕದಲ್ಲಿ ಕಿತ್ತ ಕಳೆ

ಅಕ್ಕ ತೀರಿಕೊಂಡಿದ್ದು ಆಷಾಢದ ಮಳೆಯಲ್ಲಿ. ಸುಗಂಧರಾಜದ ಪಾತಿಗಳಲ್ಲಿ ಜೇಕು ಎಂಬ ಕಳೆ ಜೋರಾಗಿ ಏಳುವ ಕಾಲವೂ ಅದೇ. ಸಾವಿನ ಮನೆಯಲ್ಲಿ ಕೂತು ಕಳೆಯ ಬಗ್ಗೆ ಯೋಚಿಸುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಬಂದವರು ಅತ್ತು ಹೋಗುತ್ತಿದ್ದರು, ನಾನು ಜಗಲಿಯಲ್ಲಿ ಕೂತು ಹಿತ್ತಲ ಕಡೆ ನೋಡುತ್ತಿದ್ದೆ. ಅಲ್ಲಿ ಹಸಿರು ದಿನದಿಂದ ದಿನಕ್ಕೆ ದಟ್ಟವಾಗುತ್ತಿತ್ತು. ಅದು ಹೂವಿನ ಗಿಡದ ಹಸಿರಲ್ಲ ಎಂದು ದೂರದಿಂದಲೇ ತಿಳಿಯುತ್ತಿತ್ತು.

ನಮ್ಮದು ಅಂಕೋಲೆಗೂ ಕಾರವಾರಕ್ಕೂ ನಡುವಿನ ಊರು. ಅಕ್ಕ ಈ ಮನೆಗೆ ಮೊದಲು ಸೊಸೆಯಾಗಿ ಬಂದವಳು. ಆಮೇಲೆ ಅವಳ ಮೈದುನನಿಗೇ ನನ್ನನ್ನು ಕೊಟ್ಟರು. ಹಾಗಾಗಿ ನಾವಿಬ್ಬರೂ ಒಂದೇ ಒಲೆಯ ಮುಂದೆ ತಲೆ ನರೆಸಿಕೊಂಡವರು. ಭಾವ ಸುಂಕಸಾಳದ ಕಡೆ ಕಲ್ಲು ಕಡಿಯುವ ಕೆಲಸಕ್ಕೆ ಹೋಗುತ್ತಾನೆ, ನನ್ನ ಗಂಡ ಲಾರಿಗೆ ಲೋಡು ಹಾಕುತ್ತಾನೆ. ಹೂವು ಮಾತ್ರ ಅಕ್ಕನದು. ನಾನು ಅವಳ ಕೈಕೆಳಗಿನವಳು.

ಗಡ್ಡೆಗಳು ಬಂದಿದ್ದು ನಮ್ಮ ತವರಿನಿಂದ. ಕಾಳಿ ನದಿ ದಾಟಿದರೆ ಚಿತ್ತಾಕುಲ, ಅಲ್ಲಿ ಅವ್ವನ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಸುಗಂಧರಾಜದ ಒಂದು ಹಿಂಡು ಇತ್ತು. ಬಚ್ಚಲ ನೀರು ಕುಡಿದು ಬೆಳೆದದ್ದು. ಅಕ್ಕ ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ವಾಪಸು ಬರುವಾಗ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಆ ಗಡ್ಡೆಗಳ ಗಂಟು ಹಿಡಿದು ಬಸ್ಸು ಹತ್ತಿದ್ದಳಂತೆ. ಅವನ್ನು ಒಡೆದು ನೆಟ್ಟು, ಮರಿಗಡ್ಡೆ ಬಿಡಿಸಿ ಮತ್ತೆ ನೆಟ್ಟು, ಹಿತ್ತಲಿನ ಉದ್ದಕ್ಕೂ ಪಾತಿ ಮಾಡಿದಳು. ತವರಿನ ಆ ಜಾಗ ಈಗ ಬೇರೆಯವರದು. ಬಾವಿ ಮುಚ್ಚಿ ಅದರ ಮೇಲೆ ಕಟ್ಟಡ ಎದ್ದಿದೆ. ಅವ್ವನ ಗಡ್ಡೆಯ ವಂಶ ಉಳಿದಿದ್ದರೆ ನಮ್ಮ ಹಿತ್ತಲಲ್ಲಿ ಮಾತ್ರ. ಅಕ್ಕನ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದಾರೆ, ಅಕ್ಕ ಹೋದ ಮೇಲೆ ಅವಳ ಕೈಯಿಂದ ಬೆಳೆದದ್ದು ಎಂದು ಮನೆಯಲ್ಲಿ ಉಳಿದಿದ್ದೂ ಅದೇ. ಅದನ್ನು ಕಾಯುವುದು ಬಿಟ್ಟು ನನಗೆ ಬೇರೆ ಆಸೆ ಇರಲಿಲ್ಲ.

ಕರಾವಳಿಯ ಮಳೆಯಲ್ಲಿ ಗಡ್ಡೆ ಹೂವು ಉಳಿಸುವುದೆಂದರೆ ಎರಡೇ ಕೆಲಸ. ನೀರು ನಿಲ್ಲಬಾರದು, ಜೇಕು ನಿಲ್ಲಬಾರದು. ನೀರಿಗೆ ಕಾಲುವೆ ತೆಗೆದರೆ ಆಯಿತು. ಜೇಕು ಹಾಗಲ್ಲ. ಅದು ಮಣ್ಣಿನಿಂದ ತಲೆ ಎತ್ತುವಾಗ ಸುಗಂಧರಾಜದ ಎಳೆ ಕುಡಿಯ ಹಾಗೆಯೇ ಸಣ್ಣಗೆ, ಚೂಪಾಗಿ ಇರುತ್ತದೆ. ಅಕ್ಕ ನನಗೆ ಕಲಿಸಿದ್ದು ಇಷ್ಟು: ದಂಟನ್ನು ಎರಡು ಬೆರಳ ನಡುವೆ ಹೊರಳಿಸು, ಮೂರು ಮೂಲೆ ಸಿಕ್ಕರೆ ಜೇಕು. ಮೇಲಿನದನ್ನು ಎಳೆದರೆ ಕೈಗೆ ಬರುತ್ತದೆ, ಆದರೆ ಕೆಳಗೆ ಕರಿಮಣಿಯಂಥ ಗಡ್ಡೆ ಉಳಿದುಬಿಡುತ್ತದೆ. ಆ ಗಡ್ಡೆಯಿಂದ ತಂತಿಯಂಥ ಬೇರು ಹೋಗಿ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಅಕ್ಕ ಮುರಿದ ಕೊಡೆಯ ಕಡ್ಡಿಯೊಂದನ್ನು ಮಸೆದು ಇಟ್ಟುಕೊಂಡಿದ್ದಳು. ಅದರಿಂದ ಹೂಗಡ್ಡೆಗೆ ಗಾಯವಾಗದ ಹಾಗೆ ಮಣ್ಣು ಸಡಿಲಿಸಿ ಇಡೀ ಸರವನ್ನೇ ಬಿಡಿಸಿ ತೆಗೆಯುತ್ತಿದ್ದಳು. ತೆಗೆದದ್ದನ್ನು ಬೇಲಿಯ ಹೊರಗೂ ಎಸೆಯುತ್ತಿರಲಿಲ್ಲ, ಬಿಸಿಲಿಗೆ ಕಲ್ಲಿನ ಮೇಲೆ ಒಣಗಿಸಿ ಒಲೆಗೆ ಹಾಕುತ್ತಿದ್ದಳು. ಆಮೇಲೆ ಸಮುದ್ರದ ದಂಡೆಯ ಗಾಳಿಮರದ ಕೆಳಗಿಂದ ಸೂಜಿಯೆಲೆ ಗುಡಿಸಿ ಗೋಣಿಯಲ್ಲಿ ತಂದು, ಎರಡು ಮಳೆಗೆ ಉಪ್ಪು ತೊಳೆಯಲು ಬಿಟ್ಟು, ಪಾತಿಯ ಮೇಲೆ ಹಾಸುತ್ತಿದ್ದಳು. ಅಷ್ಟು ಮಾಡಿದರೂ ಹದಿನೈದು ದಿನಕ್ಕೆ ಜೇಕು ಮತ್ತೆ ತಲೆ ಹಾಕುತ್ತಿತ್ತು. ಅಕ್ಕ ಮತ್ತೆ ಕೂರುತ್ತಿದ್ದಳು.

ಅವಳ ಜೊತೆ ಕೂರುತ್ತಿದ್ದವಳು ಬೇಲಿಯಾಚೆಯ ಮನೆಯವಳು, ಅಕ್ಕನ ಓರಗೆಯವಳು. ನಾನು ಅವಳನ್ನೂ ಅಕ್ಕ ಎಂದೇ ಕರೆಯುವುದು, ಇಲ್ಲಿ ಗೊಂದಲ ಆಗಬಾರದೆಂದು ನೆರೆಯವಳು ಎಂದು ಬರೆಯುತ್ತೇನೆ. ನಮಗೂ ಅವಳಿಗೂ ಮುಯ್ಯಿ ನಡೆಯುತ್ತಿತ್ತು. ಅವಳು ನಮ್ಮ ಹೂವಿನ ಪಾತಿಯಲ್ಲಿ ಕೂತಷ್ಟು ದಿನ ನಾವು ಅವಳ ಗದ್ದೆಗೆ ಇಳಿಯಬೇಕು. ಕೂಲಿ ಇಲ್ಲ, ಲೆಕ್ಕ ಬರೆಯುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಇಬ್ಬರೂ ಕೂತರೆಂದರೆ ಮಾತು ನಿಲ್ಲುತ್ತಿರಲಿಲ್ಲ. ಅಕ್ಕ ಕಡ್ಡಿ ಹಿಡಿದು ಒಂದೇ ಕಡೆ ಬಗ್ಗಿರುವುದನ್ನು ಕಂಡು ನೆರೆಯವಳು, "ಗಂಡನ ತಲೆಯ ಹೇನು ನೋಡೂಕೆ ಇಷ್ಟು ಹೊತ್ತು ಕೂತಿದ್ಯನೇ ಎಂದಾದ್ರೂ?" ಎಂದು ಕೇಳಿದ್ದಳು. "ಅವ್ನ ತಲೆಲಿ ಕೂದ್ಲೇ ಇಲ್ಲ ಮಾರಾಯ್ತಿ, ಹೇನು ಎಲ್ಲಿಂದ ಬತ್ತದೆ" ಎಂದು ಅಕ್ಕ ತಲೆ ಎತ್ತದೆ ಹೇಳಿದ್ದಳು. ಜಗಲಿಯಲ್ಲಿ ಕೂತಿದ್ದ ಭಾವ ಟೋಪಿ ಹಾಕಿಕೊಂಡು ಎದ್ದುಹೋದ.

ಅಕ್ಕ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾಯಲು ಬಂದವಳು ಆ ನೆರೆಯವಳೇ. ಅಕ್ಕನನ್ನು ಮನೆಗೆ ತಂದ ಮೇಲೆ ಕೊನೆಯ ಸ್ನಾನ ಮಾಡಿಸಿ, ತಲೆ ಬಾಚಿ, ಬೈತಲೆಗೆ ಕುಂಕುಮ ಇಟ್ಟವಳೂ ಅವಳೇ. ಆ ಕೈಗಳು ಅಕ್ಕನ ಕೂದಲ ಸಿಕ್ಕನ್ನು ನೋವಾಗದ ಹಾಗೆ ಒಂದೊಂದೇ ಬಿಡಿಸಿದ್ದನ್ನು ನಾನು ನೋಡಿದ್ದೇನೆ. ಅದು ಸುಳ್ಳಲ್ಲ. ಈಗಲೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ.

ನಮ್ಮ ಕಡೆ ಸೂತಕದಲ್ಲಿ ಹೂವಿನ ಗಿಡ ಮುಟ್ಟುವುದಿಲ್ಲ. ತುಳಸಿಗೆ ನೀರು ಹಾಕುವುದಿಲ್ಲ, ದೇವರಿಗೆ ದೀಪ ಇಲ್ಲ, ಹೂವಿನ ಹಿತ್ತಲಿಗೆ ಕಾಲಿಡುವುದಿಲ್ಲ. ನಮ್ಮ ಸುಗಂಧರಾಜ ಕಾರವಾರದ ಪೇಟೆಗೆ ಹೋಗಿ, ಕೋಡಿಬಾಗದ ಹೂವಿನವಳ ಕೈಯಲ್ಲಿ ಮಾಲೆಯಾಗಿ ದೇವರ ಕೊರಳಿಗೆ ಬೀಳುವ ಹೂವು. ಹಾಗಾಗಿ ನಾವು ಇನ್ನಷ್ಟು ಕಟ್ಟುನಿಟ್ಟು. ಅಕ್ಕ ಇದ್ದಾಗ, ಮಾವ ಸತ್ತ ಸೂತಕದಲ್ಲಿ, ಬೇಲಿಯ ಗೂಟ ಬಿದ್ದರೂ ಎತ್ತಲು ಬಿಟ್ಟಿರಲಿಲ್ಲ. ಈಗ ಅವಳದೇ ಸೂತಕದಲ್ಲಿ ನಾನು ಹೇಗೆ ದಾಟಲಿ? ಬೇಲಿಯ ತನಕ ಹೋಗಿ ನಿಲ್ಲುತ್ತಿದ್ದೆ, ಅಷ್ಟೇ. ಮಳೆ ಹೊಯ್ಯುತ್ತಿತ್ತು. ಅಕ್ಕ ಆಸ್ಪತ್ರೆ ಸೇರಿದಾಗಿನಿಂದ ಕೀಳದೆ ಬಿಟ್ಟಿದ್ದ ಜೇಕು ಮೊಣಕಾಲಿನ ಹತ್ತಿರಕ್ಕೆ ಬಂದು ಹೂಗಿಡದ ಮೇಲೆ ಬಾಗುತ್ತಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಗಡ್ಡೆ ಕೊಳೆಯುತ್ತದೆಂದು ನನಗೆ ಗೊತ್ತಿತ್ತು.

ನೆರೆಯವಳು ಅದನ್ನು ನೋಡಿದಳು. ಬೇಲಿಯ ಆಚೆ ನಿಂತು ಹೇಳಿದಳು:

"ನೀ ಅಲ್ಲಿ ನಿಂತ್ಕಂಡು ಕಣ್ಣೀರು ಹಾಕಬೇಡ ತಂಗಿ. ನಂಗೆ ಸೂತಕ ಇಲ್ಲ. ನಾ ಕಿತ್ತು ಕೊಡ್ತೆ. ನಿನ್ನಕ್ಕ ಹ್ಯಾಂಗೆ ಕೀಳ್ತಿದ್ಲೋ ಹಾಂಗೇ."

ಅವಳು ದಿನವೂ ಬೆಳಿಗ್ಗೆ ಹಿಂದಿನ ಬೇಲಿಯ ದಣಪೆ ಸರಿಸಿ ಹಿತ್ತಲಿಗೆ ಹೋಗುವುದು ನನಗೆ ಅಡುಗೆಮನೆಯಿಂದ ಕೇಳುತ್ತಿತ್ತು. ಸಂಜೆ ಇಷ್ಟು ಆಯಿತು, ಅಷ್ಟು ಉಳಿಯಿತು ಎಂದು ಜಗಲಿಯ ಕೆಳಗೆ ನಿಂತು ಹೇಳಿ ಹೋಗುತ್ತಿದ್ದಳು. ನಾನು ಕೇಳಿ ಒಳಗೆ ಹೋಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಸಮಾಧಾನ ಅಂತ ಇದ್ದಿದ್ದು ಆ ಮಾತೊಂದೇ.

ಸೂತಕ ಕಳೆದು, ಮನೆ ಸಾರಿಸಿ, ಸ್ನಾನ ಮಾಡಿ ನಾನು ಮೊದಲು ಹೋಗಿದ್ದು ಹಿತ್ತಲಿಗೆ. ಪಾತಿ ಚೊಕ್ಕವಾಗಿತ್ತು. ಒಂದು ಎಳೆ ಜೇಕೂ ಇರಲಿಲ್ಲ. ಹೂಗಿಡಗಳು ಸ್ವಲ್ಪ ಮಂಕಾಗಿದ್ದವು, ಮಳೆಗೆ ಇರಬಹುದು ಎಂದುಕೊಂಡೆ. ಗಾಳಿಮರದ ಎಲೆಯ ಹಾಸು ಹಾಸಿದ ಹಾಗೆಯೇ ಇತ್ತು, ಯಾರೂ ಸರಿಸಿದಂತೆ ಕಾಣಲಿಲ್ಲ. ಜೇಕಿನ ಸರ ತೆಗೆದಿದ್ದರೆ ಮಣ್ಣು ಅಲ್ಲಲ್ಲಿ ಕದಡಿರಬೇಕಿತ್ತು. ಅದೂ ಇಲ್ಲ. ಇದು ನನ್ನ ಕಣ್ಣಿಗೆ ಬಿತ್ತು. ಆದರೆ ಮಳೆ ಎಲ್ಲವನ್ನೂ ಸಮ ಮಾಡುತ್ತದಲ್ಲ ಎಂದು ನಾನೇ ಅದಕ್ಕೆ ಉತ್ತರ ಕೊಟ್ಟುಕೊಂಡೆ. ಪಾತಿಯ ತಲೆಯಲ್ಲಿ ಕೂತು ಅತ್ತೆ. ಅಕ್ಕ ಸತ್ತ ಮೇಲೆ ನಾನು ಸರಿಯಾಗಿ ಅತ್ತಿದ್ದು ಅಂದೇ. ಆಮೇಲೆ ಊರಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಬಾವಿಯ ಹತ್ತಿರ, ರೇಷನ್ ಅಂಗಡಿಯ ಹತ್ತಿರ, ಬಸ್ಸಿನಲ್ಲಿ. ಒಡಹುಟ್ಟಿದವರೂ ಹೀಗೆ ಮಾಡುವುದಿಲ್ಲ, ಮಳೆಯಲ್ಲಿ ಕೂತು ಒಂದೊಂದೇ ಜೇಕು ಕಿತ್ತು ಕೊಟ್ಟಳು ಎಂದು.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಎಲೆಗಳು ತಿರುಚತೊಡಗಿದವು. ಹೂವಿನ ಕೋಲು ನೇರ ಏಳುವ ಬದಲು ಮುದುಕನ ಬೆನ್ನಿನ ಹಾಗೆ ಬಾಗಿ ಎದ್ದಿತು, ಮೊಗ್ಗು ಬಿರಿಯದೆ ಕಂದಿತು. ಬುಡದಿಂದ ಬಂದ ಹೊಸ ಕುಡಿಗಳು ನೀರುಳ್ಳಿ ಸಿಪ್ಪೆಯಂತೆ ಬಿಳಿ, ಮುಟ್ಟಿದರೆ ಮೆತ್ತಗೆ. ಒಂದು ಗಡ್ಡೆ ಅಗೆದು ನೋಡಿದೆ. ಹೊರಗೆ ಗಟ್ಟಿ ಇತ್ತು, ಒಳಗೆ ಕಂದು ನೀರು.

ನೆರೆಯವಳನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಬೇಸರದ ಮುಖ ಮಾಡಿ, ಸಾಕಿದವಳು ಹೋದ ಮೇಲೆ ಗಿಡವೂ ಹೋಗುತ್ತದೆ, ಇಂಥದ್ದು ಎಷ್ಟೋ ಕಡೆ ನೋಡಿದ್ದೇನೆ ಎಂದಳು. ನಾನು ಆ ಮಾತನ್ನೂ ನಂಬಿದೆ. ದುಃಖದಲ್ಲಿ ಇರುವವರಿಗೆ ಅಂಥ ಮಾತು ಬೇಗ ಹಿಡಿಸುತ್ತದೆ.

ಬಾಗಿದ ಕೋಲುಗಳ ನಡುವೆ ಬೇಲಿಯ ಬದಿಯ ಒಂದು ಸಾಲು ಮಾತ್ರ ಚೆನ್ನಾಗಿತ್ತು. ಅಲ್ಲಿ ಅರಳಿದ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋದೆ. ಕೋಡಿಬಾಗದ ಹೂವಿನವಳು ಅಕ್ಕನಿಗೆ ಎಷ್ಟೋ ವರ್ಷದ ಪರಿಚಯ. ನನ್ನನ್ನು ಕೂರಿಸಿ ಚಹಾ ತರಿಸಿದಳು, ಅಕ್ಕನ ಬಗ್ಗೆ ಕೇಳಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೂವಿನ ಪೊಟ್ಟಣವನ್ನು ಮಾತ್ರ ಬಿಚ್ಚಲಿಲ್ಲ. ನಾನೇ ಬಿಚ್ಚಲು ಹೋದಾಗ ನನ್ನ ಕೈ ಹಿಡಿದು, ಕೊಂಕಣಿ ಬೆರೆಸಿದ ತನ್ನ ಮಾತಿನಲ್ಲಿ ಮೆಲ್ಲಗೆ ಹೇಳಿದಳು:

"ಬೇಜಾರು ಮಾಡ್ಕೊಬೇಡ ಗೋ. ಇದು ದೇವರಿಗೆ ಹೋಗೋ ಹೂವು. ನೀನು ಸೂತಕದಲ್ಲೇ ಪಾತಿಗೆ ಇಳಿದಿದ್ಯಂತೆ, ಅದಕ್ಕೇ ಗಿಡ ಸುಟ್ಟು ಹೋದ್ವಂತೆ. ನಂಗೆ ಭಯ ಆಗ್ತದೆ ಗೋ."

ಯಾರು ಹೇಳಿದರು ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ನೆರೆಯವಳು ಬಸಳೆ, ಹರಿವೆ ಮಾರಲು ವಾರಕ್ಕೊಮ್ಮೆ ಅದೇ ಪೇಟೆಗೆ ಬರುತ್ತಾಳೆ. ಅವಳೇ ಹೇಳಿದ್ದಳು.

ನನಗೆ ಸಿಟ್ಟು ಬರಲಿಲ್ಲ. ಏನೋ ತಪ್ಪು ತಿಳುವಳಿಕೆ ಆಗಿರಬೇಕು, ನಾನು ಬೇಲಿಯ ಹತ್ತಿರ ನಿಂತಿದ್ದನ್ನು ಒಳಗೆ ಹೋದೆ ಎಂದುಕೊಂಡಿರಬೇಕು ಎಂದು ವಾಪಸು ಬರುವ ದಾರಿಯೆಲ್ಲ ಅವಳ ಪರವಾಗಿಯೇ ಯೋಚಿಸಿದೆ. ಬಸ್ಸಿನಲ್ಲಿ ನಮ್ಮೂರಿನವನೊಬ್ಬ ಪಕ್ಕದ ಸೀಟಿನಲ್ಲಿದ್ದ. ಅವನಲ್ಲಿ ಬೆನ್ನಿಗೆ ಹಾಕಿಕೊಂಡು ಮದ್ದು ಹೊಡೆಯುವ ಪಂಪು ಇದೆ, ಗದ್ದೆಯ ಕಾಲದಲ್ಲಿ ಊರವರಿಗೆ ಬಾಡಿಗೆಗೆ ಕೊಡುತ್ತಾನೆ. ಅಕ್ಕನ ಸಾವಿನ ಬಗ್ಗೆ ನಾಲ್ಕು ಮಾತಾಡಿದ ಮೇಲೆ, ಹೂವಿನ ಪಾತಿಯ ಹುಲ್ಲು ಪೂರಾ ಸತ್ತಿತೇ ಎಂದು ಕೇಳಿದ. ಮಳೆ ಬಿಟ್ಟು ಹೊಳವಾದ ಒಂದು ದಿನ ನೆರೆಯವಳು ಪಂಪು ತೆಗೆದುಕೊಂಡು ಹೋಗಿದ್ದಳಂತೆ. ಗದ್ದೆಯ ಕಳೆಮದ್ದನ್ನೇ ಸ್ವಲ್ಪ ಗಟ್ಟಿ ಕಲಸಿದ್ದಳಂತೆ. ಪಂಪು ತೊಳೆದು ಕೊಟ್ಟಿದ್ದಳು, ಒಳ್ಳೆಯ ಹೆಂಗಸು ಎಂದು ಹೊಗಳಿದ.

ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಹಾಗಾದರೆ ದಿನವೂ ಸಂಜೆ ಬಂದು ಇಷ್ಟು ಕಿತ್ತೆ, ಅಷ್ಟು ಉಳಿಯಿತು ಎಂದು ಹೇಳಿದ್ದು ಏನು?

ಮನೆಗೆ ಬಂದು ಗಂಡನಿಗೆ ಹೇಳಿದೆ. ಭಾವನಿಗೆ ಹೇಳಲಿಲ್ಲ, ಅವನಿಗೆ ಹೊರಲು ಆಗಲೇ ಸಾಕಷ್ಟಿತ್ತು. ಎರಡು ದಿನ ಕಳೆದಿರಲಿಲ್ಲ, ನೆರೆಯವಳ ಮನೆಯಿಂದ ಮುಯ್ಯಿಯ ಕರೆ ಬಂತು. ಅವಳ ಗದ್ದೆಯಲ್ಲಿ ಕಳೆ ಕೀಳುವುದಿದೆ, ಹೂವಿನ ಪಾತಿಯಲ್ಲಿ ಕೂತ ದಿನಗಳದ್ದು ಬಾಕಿ ಇದೆಯಲ್ಲ, ನಾಳೆಯಿಂದ ಬಾ ಎಂದು. ನನ್ನ ಗಂಡ, ಮದ್ದು ಹೊಡೆದು ಗಡ್ಡೆ ಕೊಂದಿದ್ದಕ್ಕೂ ಮುಯ್ಯಿಯೇ ಎಂದು ಕೇಳಿದ. ಹೋಗಬೇಡ ಎಂದ.

ನಾನು ಹೋದೆ. ಯಾಕೆ ಹೋದೆ ಎಂದು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ಹೋಗದಿದ್ದರೆ, ಮುಯ್ಯಿ ತಿಂದವಳು ಎಂಬ ಮಾತೂ ನನ್ನ ಮೇಲೆ ಬರುತ್ತಿತ್ತು. ಅದಕ್ಕಿಂತ, ಅವಳ ಬಾಯಿಂದ ಕೇಳಬೇಕಿತ್ತು.

ಗದ್ದೆಗೆ ಅವಳು ಮದ್ದು ಹೊಡೆದಿದ್ದಳು. ಆದರೆ ಭತ್ತದಂತೆಯೇ ಕಾಣುವ ಒಂದು ಜಾತಿಯ ಹುಲ್ಲು ಆ ಮದ್ದಿಗೆ ಸಾಯುವುದಿಲ್ಲ, ಕೈಯಿಂದಲೇ ಕೀಳಬೇಕು. ಮೊಣಕಾಲು ನೀರಿನಲ್ಲಿ ನಾವಿಬ್ಬರೂ ಪಕ್ಕಪಕ್ಕದ ಸಾಲಿನಲ್ಲಿ ಬಗ್ಗಿದೆವು. ಅಕ್ಕ ಇದ್ದಿದ್ದರೆ ಮೂರನೆಯ ಸಾಲಿನಲ್ಲಿ ಇರುತ್ತಿದ್ದಳು. ನೆರೆಯವಳು ಮಳೆ, ಮೀನಿನ ದರ, ಹೆದ್ದಾರಿಯ ಬದಿಯ ಚರಂಡಿ ಎಂದು ಏನೇನೋ ಮಾತಾಡಿದಳು. ಅರ್ಧ ಗದ್ದೆ ಮುಗಿಯುವ ತನಕ ನಾನು ಬಾಯಿ ತೆರೆಯಲಿಲ್ಲ. ಆಮೇಲೆ, ಪಂಪು ಯಾವ ದಿನ ತಂದಿದ್ದೆ ಎಂದು ಕೇಳಿದೆ.

ಅವಳ ಕೈ ನಿಂತಿತು. ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದೆ, ಹೇಳಲಿಲ್ಲ. ಮೊದಲ ದಿನ ಅಕ್ಕನ ಕಡ್ಡಿ ಹಿಡಿದು ಕೂತಳಂತೆ. ಒಂದು ಗೇಣು ಜಾಗವೂ ಮುಗಿಯಲಿಲ್ಲವಂತೆ.

"ಅವ್ಳಿಲ್ದೆ ಆ ಪಾತೀಲಿ ಕೂತ್ಕಂಬುಕೆ ನಂಗೆ ಆಗಲಿಲ್ಲ ತಂಗಿ. ಕಣ್ಣು ತುಂಬಿ ಬರ್ತಿತ್ತು. ಮದ್ದು ಹೊಡ್ದು, ಒಣಗಿದ್ದನ್ನ ದಿನಾ ಅಷ್ಟಷ್ಟು ಕೊಯ್ದು ತೆಗ್ದೆ. ಗದ್ದೆ ಮದ್ದಿಗೆ ಭತ್ತ ಸಾಯೂದಿಲ್ಲ, ಜೇಕು ಸಾಯ್ತದೆ. ಸುಗಂಧಿ ಎಲೆಯೂ ಭತ್ತದ ಹಾಂಗೇ ಉದ್ದ ಅಲ್ವಾ. ಅದ್ಕೂ ಏನಾಗೂದಿಲ್ಲ ಅಂದ್ಕಂಡೆ."

ಇದು ನಿಜ. ಭತ್ತ ಬೆಳೆದವರು ಯಾರಾದರೂ ಹಾಗೆ ಅಂದುಕೊಂಡಾರು. ನಾನೂ ಅಂದುಕೊಂಡೇನು. ಅದನ್ನು ಆ ದಿನವೇ ಬಂದು ಹೇಳಿದ್ದರೆ ಗಡ್ಡೆ ಕೊಳೆಯುವ ಮೊದಲೇ, ಸೂತಕ ಇಲ್ಲದ ಯಾರ ಕೈಯಿಂದಾದರೂ ಕೀಳಿಸಿ ತೊಳೆಸಿ ಒಂದಿಷ್ಟು ಉಳಿಸಿಕೊಳ್ಳುತ್ತಿದ್ದೆ. ಹಾಗೆಂದು ಅವಳಿಗೆ ಹೇಳಿದೆ. ಮತ್ತೆ ಕೇಳಿದೆ, ಸೂತಕದಲ್ಲಿ ನಾನು ಇಳಿದೆ ಎಂದು ಯಾಕೆ ಹೇಳಿದೆ?

ಅವಳು ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಹುಲ್ಲಿನ ಬೇರನ್ನು ನೀರಿನಲ್ಲಿ ಅಲುಗಿಸಿ ಮಣ್ಣು ತೊಳೆದಳು.

"ನೀ ಊರೆಲ್ಲ ನನ್ನ ಹೊಗಳ್ತಾ ತಿರುಗಿದ್ಯಲ್ಲ. ಗಿಡ ಯಂತಕೆ ಸತ್ವು ಅಂತ ಜನ ಕೇಳ್ತಾರೆ. ಏನಾದ್ರೂ ಹೇಳಬೇಕಾಯ್ತಲ್ಲ."

ಅಷ್ಟೇ. ಅಕ್ಕನ ಬೈತಲೆಗೆ ಕುಂಕುಮ ಇಟ್ಟ ಕೈ ಇದೇ ಎಂದು ನಾನು ಆ ಕೈಯನ್ನೇ ನೋಡುತ್ತಿದ್ದೆ.

ನಾನು ಹೆಚ್ಚು ಕೇಳಲಿಲ್ಲ. ಗಡ್ಡೆ ಹೋಗಿದ್ದು ಹೋಯಿತು, ನನ್ನ ಜೊತೆ ಒಂದು ದಿನ ಕಾರವಾರಕ್ಕೆ ಬಂದು ಹೂವಿನವಳಿಗೆ ನಿಜ ಹೇಳು ಎಂದೆ. ಅವಳು ಹೂಂ ಎಂದಳು. ನಾಳೆ ಬೆಳಗಿನ ಬಸ್ಸಿಗೇ ಬರುತ್ತೇನೆ ಎಂದಳು. ನಾನು ಸಾಲು ಮುಗಿಸಿ, ಮಧ್ಯಾಹ್ನ ಅವಳ ಮನೆಯ ಗಂಜಿ ಉಂಡೆ. ಮುಯ್ಯಿಗೆ ಹೋದಲ್ಲಿ ಉಣ್ಣದೆ ಬರುವುದು ಜಗಳ ಆದ ಹಾಗೆ. ಜಗಳ ಬೇಡ, ಅವಳು ಬರುತ್ತಾಳಲ್ಲ ಎಂಬ ನಂಬಿಕೆ ಆಗಲೂ ಇತ್ತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನಾನೊಬ್ಬಳೇ. ಬಸ್ಸು ಬಂತು. ಡ್ರೈವರ್ ನನ್ನನ್ನು ನೋಡಿ, ನಾನು ಹತ್ತದೆ ನಿಂತಿದ್ದಕ್ಕೆ ಹಾರ್ನ್ ಹೊಡೆದ. ಅವಳ ಮನೆಯ ಕಡೆಯ ದಾರಿಯನ್ನು ಇನ್ನೊಮ್ಮೆ ನೋಡಿ ಹತ್ತಿದೆ. ಕೈಯಲ್ಲಿ ಹೂವು ಇರಲಿಲ್ಲ. ನಾನೇ ಹೇಳಿದರಾಯಿತು, ನಂಬಿದರೆ ನಂಬಲಿ ಎಂದುಕೊಂಡೆ.

ಪೇಟೆಯಲ್ಲಿ ಹೂವಿನವಳು ನನ್ನನ್ನು ದೂರದಿಂದ ಕಂಡವಳೇ ನಕ್ಕಳು, ಹತ್ತಿರ ಕರೆದಳು. ನೆರೆಯವಳು ಆಗಲೇ ಬಂದು ಹೋಗಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳು. ಸೂತಕದ ಮಾತು ಸುಳ್ಳು, ಯಾರೋ ಹೇಳಿದ್ದನ್ನು ಕೇಳಿ ಹೇಳಿಬಿಟ್ಟೆ ಎಂದು ಹೂವಿನವಳ ಕಾಲು ಮುಟ್ಟಿದ್ದಳಂತೆ. ಅಷ್ಟು ಕೇಳಿ ನನಗೆ ಒಂದು ಕ್ಷಣ ಎದೆ ಹಗುರಾಯಿತು. ಹೂವಿನವಳು ದಾರ ಹಲ್ಲಿನಿಂದ ಕಡಿಯುತ್ತ ಮುಂದೆ ಹೇಳಿದಳು:

"ನೀನೇ ಮದ್ದು ಹೊಡಿ ಅಂದಿದ್ಯಂತಲ್ಲ ಗೋ. ಅಕ್ಕ ಹೋದ್ಲು, ಇನ್ನು ಯಾರು ಕೂತು ಕೀಳ್ತಾರೆ ಅಂತ. ಅದನ್ನ ಮೊದ್ಲೇ ಹೇಳಬಾರದಾ? ಮದ್ದು ಅಂದ್ರೆ ಏನು ದೊಡ್ಡ ವಿಷಯ, ಈಗ ಎಲ್ಲರೂ ಹೊಡೀತಾರೆ. ಉಳಿದ ಹೂವು ತಕೊಂಡು ಬಾ."

ನಾನು ಹೇಳಿಲ್ಲ ಎಂದೆ. ಅವಳು, ಆಯ್ತು ಬಿಡು ಎಂದಳು. ನನ್ನ ಮೇಲಿದ್ದ ಮೈಲಿಗೆ ಹೋಗಿತ್ತು, ಅವಳಿಗೆ ಬೇಕಾಗಿದ್ದು ಅಷ್ಟೇ. ನಾನು ಮತ್ತೊಮ್ಮೆ ಹೇಳಿದೆ. ಅಷ್ಟರಲ್ಲಿ ಗಿರಾಕಿ ಬಂದರು, ಅವಳು ಮೊಣಕೈಯಿಂದ ಬೆರಳ ತುದಿಗೆ ಮಾಲೆ ಅಳೆಯತೊಡಗಿದಳು.

ಊರಿಗೆ ಬರುವಷ್ಟರಲ್ಲಿ ಈ ಮಾತು ನನಗಿಂತ ಮೊದಲೇ ಮುಟ್ಟಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಅಕ್ಕ ಮಾಡಿದಷ್ಟು ಯಾರಿಂದ ಆಗುತ್ತದೆ, ನೀನು ಮಾಡಿದ್ದು ಸರಿಯೇ ಎಂದು ಸಮಾಧಾನ ಹೇಳಿದವರೂ ಇದ್ದಾರೆ. ಆ ಸಮಾಧಾನವೇ ನನಗೆ ತಡೆಯಲಾಗದ್ದು. ಅಕ್ಕನ ಚಿತೆ ಆರುವ ಮೊದಲೇ ಅವಳ ಪಾತಿಗೆ ಮದ್ದು ಹೊಡೆಸಿದವಳು ನಾನು ಎಂದು ಊರು ಒಪ್ಪಿಕೊಂಡು, ಕ್ಷಮಿಸಿಯೂ ಬಿಟ್ಟಿದೆ. ಭಾವನಿಗೂ ಅದು ಹಾಗೆಯೇ ತಲುಪಿತು. ನಾನು ನಡೆದದ್ದನ್ನು ಹೇಳಿದೆ. ಅವನು ಕೇಳಿದ, ತಲೆ ಆಡಿಸಿದ. ಊಟ ಮಾಡಿ ಎದ್ದ. ನಂಬಿದನೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ಪಾತಿ ಪೂರಾ ಅಗೆದೆ. ಬೇಲಿಯ ಬದಿಯ ಸಾಲಿನಲ್ಲಿ ಗಟ್ಟಿ ಇದ್ದ ಗಡ್ಡೆಗಳು ಒಂದು ಬುಟ್ಟಿಯ ತಳ ಮುಚ್ಚುವಷ್ಟು ಸಿಕ್ಕವು. ಉಳಿದದ್ದನ್ನು ಹೊಂಡ ತೆಗೆದು ಹೂತೆ. ಸಿಕ್ಕಿದ್ದನ್ನು ಬೂದಿಯಲ್ಲಿ ಹೊರಳಿಸಿ ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದೇನೆ, ಮಳೆ ನಿಂತ ಮೇಲೆ ನೆಡಬೇಕು. ಎಷ್ಟು ಚಿಗುರುತ್ತವೋ ಹೇಳಲಾರೆ.

ನೆರೆಯವಳು ಬೇಲಿಯಾಚೆಯಿಂದ ಕರೆದರೆ ಓ ಎನ್ನುತ್ತೇನೆ. ಮುಯ್ಯಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಕ್ಕ ಹೇನಿನ ಮಾತು ಹೇಳಿದ್ದನ್ನು ನೆನೆದು ಜೊತೆಗೆ ನಗಲು ಈ ಊರಲ್ಲಿ ಇನ್ನೊಬ್ಬಳಿದ್ದರೆ ಅವಳೇ. ಅದನ್ನೂ ಬಿಟ್ಟಿದ್ದೇನೆ. ಹೇಳಿದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ: ಮದ್ದು ಹೊಡೆಯಲು ನಾನು ಹೇಳಿರಲಿಲ್ಲ.